ಹುಣಸಿ ಬೀಜದ ಹಾಡು

ಕಳೆದ ವಾರ ಮೂಡಲಗಿಯಲ್ಲಿ ನಾನು ಒಂದು ಹಾಡನ್ನು ತುಳಿದೆ.

ನಗಬೇಡ್ರಿ, ಖರೇನ ತುಳಿದೆ. ಅಣ್ಣಪ್ಪ ಕಾಕಾನ ಮನೆಯ ಪಡಸಾಲೆಗೆ ಕಾಲಿಟ್ಟಿದ್ದೇ ತಡ, ಅವನ ಹೆಂಡತಿ, ನಮ್ಮ ಕಾಕು, ಬೈಯಲು ಶುರು ಮಾಡಿದಳು. ಕಣ್ಣು ಎಲ್ಲಿಟ್ಟಿದ್ದಿ, ಈಗಷ್ಟೇ ಹಾಕಿದ ಹಾಡು ಕೆಡಿಸಿದಿ ಅಂತ. ಕೆಳಗೆ ನೋಡಿದರೆ ಸೀಮೆಸುಣ್ಣದಲ್ಲಿ ಎಳೆದ ಐದು ಗೆರೆ. ಗೆರೆಗಳ ಮೇಲೆ, ನಡುವೆ ಹುಣಸಿ ಬೀಜ. ನಾಲ್ಕಾರು ನನ್ನ ಚಪ್ಪಲಿ ಕೆಳಗೆ.

ಸಂಗತಿ ಹೀಗಿದೆ. ಕಾಕಾ ಕ್ಲಾರನೆಟ್ ನುಡಿಸುತ್ತಾನೆ. ಗೋಕಾಕ, ಹುಕ್ಕೇರಿ ಸುತ್ತ ಅವನ ಕ್ಲಾರನೆಟ್ ಕೇಳುತ್ತ ಎಷ್ಟು ಮಂದಿಯ ಲಗ್ನ ಆಗಿದೆಯೋ! ಆದರೆ ಊರಿನ ಸಣ್ಣ ಬ್ಯಾಂಡ್ ಮುರಿದು ವರ್ಷವಾಯಿತು. ಕ್ಲಾರನೆಟ್ ಗೂಟಕ್ಕೆ ಬಿತ್ತು, ಕಾಕಾ ಕಟ್ಟೆಗೆ ಬಿದ್ದ. ಲಗ್ನದ ಸೀಜನ್ ಬಂದರೆ ಮನೆಯಲ್ಲಿ ಯಾರ ಜೋಡಿಯೂ ಮಾತಿಲ್ಲ.

ಅಷ್ಟರಲ್ಲಿ ಸಂಕೇಶ್ವರದ ದೊಡ್ಡ ಬ್ಯಾಂಡಿನಲ್ಲಿ ಒಂದು ಕ್ಲಾರನೆಟ್ ಜಾಗ ಖಾಲಿಯಾಯಿತು. ಕೊಲ್ಲಾಪುರದ ತನಕ ಹೋಗುವ ಬ್ಯಾಂಡ್ ಅದು. ಅಲ್ಲಿನ ಮಾಸ್ತರರು ಮಿಲಿಟರಿ ಬ್ಯಾಂಡಿನಿಂದ ರಿಟೈರ್ ಆದವರು. ಹೊಸ ಸಿನಿಮಾ ಹಾಡು ಕ್ಯಾಸೆಟ್ಟಿನಲ್ಲಿ ಬಂತೋ, ಕೂತು ಅದರ ಸ್ವರಗಳನ್ನು ಐದು ಗೆರೆಯ ಮೇಲೆ ಚುಕ್ಕೆ ಹಾಕಿ ಬರೆದು ಎಲ್ಲರ ಮುಂದೆ ಹಾಳಿ ಇಡುತ್ತಾರೆ. ನೋಡಿದ ಕೂಡಲೇ ನುಡಿಸಬೇಕು. ಕೇಳಿ ಕಲಿತು ಬರ್ತೇನಿ ಅಂದರೆ ನಡೆಯೋದಿಲ್ಲ.

ಕಾಕಾ ಹುಟ್ಟಿದಾಗಿಂದ ಕಿವಿಯಿಂದಲೇ ಕಲಿತವನು. ಐವತ್ತು ದಾಟಿದ ಮೇಲೆ ಓದಿ ನುಡಿಸೋದೆಂದರೆ? ಆದರೂ ಸಂಕೇಶ್ವರಕ್ಕೆ ಹೋಗಿ ಯಾವ ಗೆರೆ ಯಾವ ಸ್ವರ ಅಂತ ಬರೆಸಿಕೊಂಡು ಬಂದ. ನಾಲ್ಕು ಹಾಡಿನ ಹಾಳಿಯನ್ನೂ ಇಸಿದುಕೊಂಡ. ಮೊದಲ ದಿನವೇ ಗಡಗಡ ನುಡಿಸಿದ. ಓಣಿಯವರೆಲ್ಲ ಶಹಬ್ಬಾಸ್ ಅಂದರು. ಕಾಕು ಮಾತ್ರ ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬಂದು ಹಾಳಿ ನೋಡಿದಳು. ಹಾಳಿ ತೆಲಿಕೆಳಗಾಗಿತ್ತು! ಮೇಲೆ ಬರೆದ ಹಾಡಿನ ಹೆಸರು ಕೆಳಗಿತ್ತು. ಕಾಕಾ ಓದುತ್ತಿರಲಿಲ್ಲ, ಗೊತ್ತಿದ್ದ ಹಾಡು ನುಡಿಸುತ್ತಿದ್ದ. (ಹಾಳಿ ಮುಂದಿಟ್ಟುಕೊಂಡದ್ದು ಬರೀ ಮರ್ಯಾದೆಗೆ.)

ಆವತ್ತು ಕಾಕುವಿನ ತಲೆಗೆ ಹೊಳೆದದ್ದೇ ಹುಣಸಿ ಬೀಜ. ಆಕೆಗೆ ಸಂಗೀತದ ಗಂಧ ಗಾಳಿ ಇಲ್ಲ. ಅದೇ ಬೇಕಾಗಿತ್ತು. ಐದು ಗೆರೆ ಎಳೆದು, ಕಣ್ಣು ಮುಚ್ಚಿ ಒಂದು ಮುಷ್ಟಿ ಬೀಜ ಒಗೆದಳು. ಇಡೀ ಬೀಜ ಬಿದ್ದಲ್ಲಿ ಒಂದು ಮಾತ್ರೆ, ಒಡೆದ ಬೀಜ ಬಿದ್ದಲ್ಲಿ ಅರ್ಧ. ಜಗತ್ತಿನಲ್ಲಿ ಯಾರೂ ಕೇಳಿರದ ಹಾಡು. ಅದನ್ನು ಬಾಯಿಪಾಠ ಹೇಗೆ ಹೇಳ್ತೀರಿ? ಕಾಕು ಹಿಟ್ಟು ನಾದುವ ಪರಾತದ ಮೇಲೆ ತಾಳ ಬಡಿಯುವಳು, ಕಾಕಾ ಬಗ್ಗಿ ನೋಡಿ ನುಡಿಸುವನು. ಮುಗಿದ ಕೂಡಲೇ ಬಳಿದು ಮತ್ತೆ ಒಗೆಯುವಳು. ಕೇಳಲು ಎಮ್ಮೆ ಈದಂಗ ಇತ್ತು, ಸುಳ್ಳು ಯಾಕೆ ಹೇಳಲಿ? ಶಹಬ್ಬಾಸ್ ಅಂದ ಓಣಿಯವರೇ ಬಾಗಿಲು ಹಾಕಿಕೊಂಡರು.

ಮೊನ್ನೆ ರವಿವಾರ ಪರೀಕ್ಷೆ. ಸಂಕೇಶ್ವರಕ್ಕೆ ಕಾಕಾನ ಜೋಡಿ ನಾನೂ ಹೋದೆ, ಕಾಕುನೂ ಬಂದಳು. ಮಾಸ್ತರರು ಕೊಟ್ಟದ್ದು ಈ ಭಾಗದ ಪ್ರತಿ ಲಗ್ನದ ವರಾತ ಮೆರವಣಿಗೆಯಲ್ಲೂ ಕೇಳುವ ಧಾಟಿ. ಅಯ್ಯ, ಇಷ್ಟೇನಾ ಅನಿಸಿತು. ಕಾಕಾನಿಗಿಂತ ಮೊದಲು ಇಬ್ಬರು ನುಡಿಸಿದರು. ಏನು ಸೊಗಸು! ಬ್ಯಾಂಡಿನವರೆಲ್ಲ ತಲೆದೂಗಿದರು.

ಕಾಕಾ ಶುರು ಮಾಡಿದ. ಮೊದಲ ಸಾಲು ಸುರಳೀತ ಆಯಿತು. ಎರಡನೆಯ ಸಾಲಿನಲ್ಲಿ, ಎಲ್ಲರೂ ಕೆಳಗಿಳಿಯುವ ಜಾಗದಲ್ಲಿ, ಕಾಕಾ ಮೇಲೆ ಹೋದ. ಕಿವಿಗೆ ಕಲ್ಲು ಬಡಿದಂಗಾಯಿತು. ಬಾಗಿಲಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಕಾಕು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕೆಲಸ ಕೆಟ್ಟಿತು ಅಂತ ನಾನೂ ಅಂದುಕೊಂಡೆ. ಕಾಕಾನ ಮುಖ ಕಪ್ಪಿಟ್ಟಿತು, ಆದರೆ ನಿಲ್ಲಿಸಲಿಲ್ಲ. ಕೊನೆಯ ತನಕ ನುಡಿಸಿದ.

ಮಾಸ್ತರರು ಕೇಳಿದರು: "ಆ ಜಾಗಾದಾಗ ತಪ್ಪಾತು ಅನಸಲಿಲ್ಲೇನ್ರಿ?"

"ಅನಿಸ್ತ್ರಿ. ಕೈ ಕೆಳಗ ಜಗ್ಗಾಕತ್ತಿತ್ತು," ಅಂದ ಕಾಕಾ. "ಆದ್ರ ಹಾಳ್ಯಾಗ ಮ್ಯಾಲ ಐತಲ್ರಿ. ನಾ ಒಬ್ಬಾಂವ ನನಗ ಗೊತ್ತಿದ್ದದ್ದ ನುಡಿಸಿದ್ರ, ಬಾಜೂದಾಂವ ಏನ್ ಮಾಡಬೇಕು?"

ಮಾಸ್ತರರು ಬೇಕೆಂದೇ ಆ ಒಂದು ತಿರುವು ಬದಲಿಸಿ ಬರೆದಿದ್ದರು. ಮೊದಲಿನ ಇಬ್ಬರೂ ಹಾಳಿ ನೋಡಿದ್ದರು, ಓದಿರಲಿಲ್ಲ. ನಾಳೆಯಿಂದ ಬರ್ರಿ ಅಂತ ಕಾಕಾನಿಗೆ ಹೇಳಿದರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣೂ ತುಂಬಿದ್ದವು, ಅದರಲ್ಲಿ ನಾಚಿಕೆ ಏನು?

ನಾನಿರುವ ಗೋಕಾಕಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅದೇ ವಿಚಾರ. ಬಾರದ್ದನ್ನು ಕಲಿಯೋದು ಒಂದು ತೂಕ. ಆದರೆ ಚೆನ್ನಾಗಿ ಬರುವುದನ್ನು, ಮಂದಿ ನಗುತ್ತಿರುವಾಗಲೂ, ಪಕ್ಕಕ್ಕಿಟ್ಟು ಎದುರಿಗೆ ಇದ್ದದ್ದನ್ನೇ ನೋಡೋದು? ಅದಕ್ಕೆ ಎಂಟೆದೆ ಬೇಕು. ನಮ್ಮ ಕಾಕಾನಿಗೆ ಅದು ಇದೆ. ನಾವಾದರೋ, ಬಾಜೂ ಮನೆಯವರು ಬಾಗಿಲಿಗೆ ಬಂದು "ಒಂದ್ ಮಾತು" ಅನ್ನುವಷ್ಟರಲ್ಲಿ ಉತ್ತರ ರೆಡಿ ಇಟ್ಟಿರುತ್ತೇವೆ. ಮಕ್ಕಳು ಅರ್ಧ ಹೇಳುವಷ್ಟರಲ್ಲಿ ಬೈಗುಳವನ್ನೂ ಮುಗಿಸಿರುತ್ತೇವೆ.

ಖರೆ ಹೇಳ್ರಿ, ಮನೆಯವರ ಮಾತನ್ನು ಅವರು ಆಡಿದ ಹಾಗೇ ಕೊನೆಯ ತನಕ ಕೇಳಿ ಎಷ್ಟು ದಿನ ಆಯಿತು?