ಒಂದೇ ಕಾಲೇಜು, ಎರಡು ಸಂಬಳ

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿಯ ದಸರಾ ರಜೆಯಲ್ಲಿ ಬಂಟ್ವಾಳದ ಒಂದು ವೆಲ್ಡಿಂಗ್ ಶಾಪಿಗೆ ಹೋದವನು ಮತ್ತೆ ಶಾಲೆಗೆ ಮರಳಲಿಲ್ಲ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಹದಿನಾಲ್ಕು ವರ್ಷ ಬೇರೆಯವರಲ್ಲಿ ದುಡಿದು, ೨೦೦೫ರಲ್ಲಿ ಸಿದ್ಧಕಟ್ಟೆಯಲ್ಲಿ ಸ್ವಂತ ಶೆಡ್ ಹಾಕಿದೆ. ತಾರಸಿಗಳ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ನಮ್ಮ ಕೆಲಸ. ಆ ಚೌಕಟ್ಟಿಗೆ ಟ್ರಸ್ ಎನ್ನುತ್ತೇವೆ. ನಾನು ನಿಲ್ಲಿಸಿದ ಒಂದು ಟ್ರಸ್ಸೂ ಈವರೆಗೆ ಗಾಳಿಗೆ ಅಲುಗಿಲ್ಲ.

ಮೊದಲೆಲ್ಲ ಬಾಯಿಮಾತಿನಲ್ಲೇ ಕೆಲಸ ಸಿಗುತ್ತಿತ್ತು. ೨೦೨೩ರ ಹೊತ್ತಿಗೆ ಸಭಾಭವನದಂಥ ದೊಡ್ಡ ಕೆಲಸಗಳಿಗೆ ಡ್ರಾಯಿಂಗ್ ಕೇಳತೊಡಗಿದರು, ಮುಚ್ಚಿದ ಕವರಿನಲ್ಲಿ ಕೊಟೇಶನ್ ಕೇಳತೊಡಗಿದರು. ಹಾಗಾಗಿ ಆ ಜುಲೈಯಲ್ಲಿ ಇಬ್ಬರು ಎಂಜಿನಿಯರರನ್ನು ತೆಗೆದುಕೊಂಡೆ. ಇಬ್ಬರೂ ಮಿಜಾರಿನ ಒಂದೇ ಕಾಲೇಜಿನಲ್ಲಿ, ಒಂದೇ ವರ್ಷ ಓದು ಮುಗಿಸಿದವರು. ಅಂಕವೂ ಹೆಚ್ಚುಕಡಿಮೆ ಸಮ. ಪ್ರಜ್ವಲ್ ನಮ್ಮ ಕಡೆಯ ಲಾಯಿಲದವನು. ಬಿಕಾಸ್ ನೇಪಾಳದಿಂದ ಓದಲು ಬಂದವನು, ಓದುವಾಗಲೇ ಇಲ್ಲಿಯ ಕನ್ನಡ ಕಲಿತಿದ್ದ. ನೇಪಾಳದವರಿಗೆ ಇಲ್ಲಿ ಕೆಲಸ ಮಾಡಲು ವೀಸಾ ಬೇಡ ಎಂಬುದನ್ನು ವಕೀಲರಲ್ಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಜನ ಸೇರಿಸುವಾಗ ನಾನು ಮೊದಲು ಕೇಳುವುದು ಯಾವ ಮನೆ, ಯಾರ ಕಡೆಯವನು ಎಂದು. ಪ್ರಜ್ವಲನ ಮಾವ ನನಗೆ ಗೊತ್ತಿದ್ದವರು. ಬಿಕಾಸನಲ್ಲಿ ಕೇಳಿದರೂ ಆ ಉತ್ತರದಿಂದ ನನಗೆ ಉಪಯೋಗವಿರಲಿಲ್ಲ. ಪ್ರಜ್ವಲನಿಗೆ ಇಪ್ಪತ್ತನಾಲ್ಕು ಸಾವಿರ, ಬಿಕಾಸನಿಗೆ ಹದಿನೇಳು ಎಂದಾಯಿತು. ಪ್ರಜ್ವಲ್ ಗಿರಾಕಿಗಳ ಹತ್ತಿರ ತುಳುವಿನಲ್ಲಿ ಮಾತಾಡಿ ಕೆಲಸ ಕುದುರಿಸುತ್ತಾನೆ, ಬಿಕಾಸ್ ಒಳಗೆ ಕೂತು ಡ್ರಾಯಿಂಗ್ ಮಾಡುವವನು ಎಂಬುದು ನನ್ನ ಲೆಕ್ಕ. ಬಿಕಾಸನನ್ನು ಒಂದು ದಿನವೂ ಸೈಟಿಗೆ ಕಳಿಸಿ ನೋಡಿದವನಲ್ಲ ನಾನು.

ಅವನು ಹದಿನೇಳಕ್ಕೆ ಸುಮ್ಮನೆ ತಲೆಯಾಡಿಸಿದ್ದೇ ನನಗೆ ಸರಿ ಕಾಣಲಿಲ್ಲ. ನನ್ನ ಹಳೆಯ ವೆಲ್ಡರನಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದೆ. ಕಲಿತವನೊಬ್ಬ ಮರುಮಾತಿಲ್ಲದೆ ಇಷ್ಟಕ್ಕೆ ಒಪ್ಪಬೇಕಾದರೆ ಬೇರೆ ಏನೋ ಇರಬೇಕು. ಅಂಕಪಟ್ಟಿ ಹಿಡಿದು ಕಾಲೇಜಿಗೇ ಹೋಗಿ ವಿಚಾರಿಸಿದೆ. ಎಲ್ಲ ಸರಿಯಿತ್ತು. ನನ್ನ ಸಂಶಯ ಹೋಗಲಿಲ್ಲ.

ಡಿಸೆಂಬರಿನಿಂದ ಸಾಲಾಗಿ ಮೂರು ಕೊಟೇಶನ್ ಕೈತಪ್ಪಿದವು. ಮೂರೂ ಮೂಡುಬಿದಿರೆಯ ಒಬ್ಬನೇ ಕಂಟ್ರಾಕ್ಟರನಿಗೆ, ಮೂರರಲ್ಲೂ ನನಗಿಂತ ಒಂದಿಷ್ಟೇ ಕಡಿಮೆಗೆ. ಲೆಕ್ಕವೆಲ್ಲ ಇದ್ದದ್ದು ಬಿಕಾಸನ ಕಂಪ್ಯೂಟರಿನಲ್ಲಿ. ಅವನ ಬಾಡಿಗೆ ಕೋಣೆ ಮೂಡುಬಿದಿರೆಯಲ್ಲಿ. ನನಗೆ ಇಷ್ಟು ಸಾಕಾಯಿತು. ಅವನು ಫೋನಿನಲ್ಲಿ ನೇಪಾಳಿ ಮಾತಾಡಿದರೂ ಕಿವಿಗೊಟ್ಟು ನಿಲ್ಲುತ್ತಿದ್ದೆ, ಒಂದಕ್ಷರ ಅರ್ಥವಾಗದಿದ್ದರೂ. ತಿಂಗಳ ಕೊನೆಗೆ ಅವನನ್ನು ತೆಗೆಯುತ್ತೇನೆ ಎಂದು ಪ್ರಜ್ವಲನಿಗೆ ಹೇಳಿದೆ.

"ಅಣ್ಣ, ಅವ ಭಾನುವಾರ ಬಟ್ಟೆ ಒಗೆದು ಮಲಗುದು ಬಿಟ್ರೆ ಬೇರೆ ಎಂತ ಮಾಡುದಿಲ್ಲ. ನೀವು ಸಿಐಡಿ ಆದದ್ದು ಸಾಕು ಮಾರಾಯ್ರೆ," ಎಂದ ಅವನು.

ಒಟ್ಟಿಗೆ ಕಲಿತವರು, ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆಯೇ ಎಂದುಕೊಂಡೆ. ಆದರೂ ತೆಗೆಯುವ ಮೊದಲು ಪುರಾವೆ ಬೇಕಿತ್ತು. ಬೆಳ್ತಂಗಡಿಯಲ್ಲಿ ಒಂದು ಮದುವೆ ಹಾಲ್‌ನಲ್ಲಿ ಊಟದ ಜಾಗಕ್ಕೆ ಶೀಟಿನ ಮಾಡು ಹಾಕುವ ಕೆಲಸ ಬಂದಾಗ ಬಿಕಾಸನಿಗೆ ಹತ್ತು ದಿನ ರಜೆ ಕೊಟ್ಟೆ. ಎಸ್ಟಿಮೇಟನ್ನು ಮನೆಯಲ್ಲಿ ಕೂತು ನನ್ನ ಕೈಯಾರೆ ಬರೆದೆ. ಪ್ರಜ್ವಲನಿಗೂ ತೋರಿಸದೆ ಕವರಿಗೆ ನಾನೇ ಅಂಟು ಹಚ್ಚಿದೆ. ಬಿಕಾಸನಿಲ್ಲದಾಗ ಕೆಲಸ ನಮಗೆ ಬಂದರೆ ಕಳ್ಳ ಸಿಕ್ಕಿದ ಹಾಗೆ.

ಕೆಲಸ ಅದೇ ಮೂಡುಬಿದಿರೆಯವನ ಪಾಲಾಯಿತು. ಈ ಸಲವೂ ಒಂದಿಷ್ಟೇ ಕಡಿಮೆಗೆ.

ರಜೆ ಮುಗಿಸಿ ಬಂದ ಬಿಕಾಸನನ್ನು ಎದುರು ಕೂರಿಸಿ, ಇದು ಹೇಗಾಯಿತು ಎಂದು ಕೇಳಿದೆ. ರಜೆ ಯಾಕೆ ಸಿಕ್ಕಿತೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಕಬ್ಬಿಣದ ತೂಕದ ಲೆಕ್ಕ ಯಾರು ಹಾಕಿದ್ದು ಎಂದು ಅವನು ತಿರುಗಿ ಕೇಳಿದ. ಬಂಟ್ವಾಳದ ಕಬ್ಬಿಣದಂಗಡಿಯವರು, ಇನ್ಯಾರು ಎಂದೆ. ಶೆಡ್ ಹಾಕಿದಂದಿನಿಂದ ಅದೇ ನನ್ನ ಕ್ರಮ. ಎಷ್ಟು ಪೈಪು, ಎಷ್ಟು ಉದ್ದ ಎಂದು ಫೋನಿನಲ್ಲಿ ಪಟ್ಟಿ ಓದುತ್ತೇನೆ, ಅವರು ಒಟ್ಟು ತೂಕವೂ ದರವೂ ಹೇಳುತ್ತಾರೆ. ಸುರುವಿಗೆ ತೂಕದ ಲೆಕ್ಕ ಕಟ್ಟಲು ನನಗೆ ಬರುತ್ತಿರಲಿಲ್ಲ. ಬಿಕಾಸ್ ಬಂದ ಮೇಲೂ ಬಿಡಲಿಲ್ಲ. ಅವನ ಲೆಕ್ಕ ಸರಿಯುಂಟೋ ಎಂದು ಪರೀಕ್ಷಿಸಲು ಪ್ರತಿ ಸಲ ಪಟ್ಟಿ ಓದಿ ಹೇಳುತ್ತಿದ್ದೆ.

ಮೂಡುಬಿದಿರೆಯವನೂ ಅಲ್ಲಿಂದಲೇ ಕಬ್ಬಿಣ ಒಯ್ಯುವುದು, ಅಂಗಡಿಯವರಿಂದ ನಮ್ಮ ತೂಕ ಗೊತ್ತಾದರೆ ಈ ಲೈನಿನವರಿಗೆ ಕೊಟೇಶನ್ ಅಂದಾಜು ಮಾಡಲು ಐದು ನಿಮಿಷ ಸಾಕು ಎಂದ ಬಿಕಾಸ್. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಸರ್, ನನ್ನನ್ನು ಚೆಕ್ ಮಾಡ್ಲಿಕ್ಕೆ ನೀವು ಫೋನ್ ಮಾಡುದು. ಮಾಡ್ಬೇಡಿ ಅಂತ ನಾನೇ ಹೇಳಿದ್ರೆ ನೀವು ಎಂತ ಗ್ರಹಿಸ್ತೀರಿ?"

ಮಾತು ತಿರುಗಿಸಲೆಂದೇ, ಹದಿನೇಳಕ್ಕೆ ಯಾಕೆ ಒಪ್ಪಿದ್ದು ಎಂದು ಕೇಳಿದೆ.

"ಪ್ರಜ್ವಲನತ್ರ ಎಷ್ಟು ಬೇಕು ಅಂತ ಕೇಳಿದ್ರಿ. ನನ್ನತ್ರ, ಹದಿನೇಳು ಸಾಕಲ್ಲ ಅಂತ ಕೇಳಿದ್ರಿ."

ಅಂಗಡಿಯವರು ತಾವಲ್ಲವೆಂದು ಆಣೆ ಹಾಕಿದರು. ನಾನು ಇವತ್ತಿಗೂ ನಂಬಿಲ್ಲ. ಈಗ ಅವರಲ್ಲಿ ಕಿಲೋ ದರ ಮಾತ್ರ ಕೇಳುತ್ತೇನೆ. ಅದರ ನಂತರ ಕೊಟೇಶನ್ ಕೊಟ್ಟ ಎರಡೂ ಕೆಲಸ ನಮಗೇ ಬಂದವು. ಮಾರ್ಚಿನಿಂದ ಬಿಕಾಸನಿಗೂ ಇಪ್ಪತ್ತನಾಲ್ಕು ಮಾಡಿದೆ. ಜೂನಿನಲ್ಲಿ ಅವನು ಮಂಗಳೂರಿನ ಒಂದು ಕಂಪನಿಗೆ ಹೋದ. ಅಲ್ಲಿ ತನಗೆ ಎಷ್ಟು ಬೇಕೆಂದು ಮೊದಲು ಅವನೇ ಹೇಳಿದನಂತೆ.

ನಾನು ಕೆಲಸ ನೋಡಿ ಸಂಬಳ ಕೊಡುವವನು ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಪರಿಚಯಕ್ಕೂ ಕೊಡುತ್ತಿದ್ದೆ, ಅದನ್ನು ಪರಿಚಯವಿಲ್ಲದವನ ಸಂಬಳದಿಂದ ಮುರಿದುಕೊಳ್ಳುತ್ತಿದ್ದೆ. ಸಾಲದ್ದಕ್ಕೆ, ಕಡಿಮೆಗೆ ಒಪ್ಪಿದನೆಂದು ಅವನನ್ನೇ ಸಂಶಯದಿಂದ ನೋಡಿದೆ.

ಈಗ ನನಗೆ ಎರಡು ಶೆಡ್ ಉಂಟು, ಆರು ವೆಲ್ಡಿಂಗ್ ಮೆಷಿನ್, ಒಂದು ಪಿಕಪ್, ಹನ್ನೊಂದು ಮಂದಿ ಕೆಲಸಗಾರರು. ಎಂಜಿನಿಯರ್ ಒಬ್ಬನೇ.