ಎದುರಿಗೆ ಯಾರೂ ಇಲ್ಲದ ಅಂಕಣ

ಮೊನ್ನೆ ಕಾರವಾರದ ಔಷಧಿ ಅಂಗಡಿಯಲ್ಲಿ ಗಿರಾಕಿಯೊಬ್ಬರು ನೋವಿನ ಮುಲಾಮಿನ ಮುಚ್ಚಳ ತೆಗೆದು ಮೂಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಂಕೋಲೆಯ ಶಾಲೆಯಲ್ಲಿ ನಮಗೆ ಕಬಡ್ಡಿ ಕಲಿಸಿದ ಅಕ್ಕೋರು ನೆನಪಾದರು. ಅವರ ಎಡ ಕಣಕಾಲಿಗೆ ಸದಾ ಇದೇ ಮುಲಾಮು. ಅಲ್ಲಿ ಗಾಯವೇನೂ ಕಾಣುತ್ತಿರಲಿಲ್ಲ...

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಒಂಬತ್ತನೇ ತರಗತಿ. ತಂಡದಲ್ಲಿ ಎಡಮೂಲೆಯ ಜಾಗ ನನ್ನದು. ಬಾಯಿ ಜೋರು, ಎದೆ ಪುಕ್ಕಲು. ಅಕ್ಕೋರು ಹಿಂದೊಮ್ಮೆ ದೇಶದ ತಂಡಕ್ಕೆ ಆಯ್ಕೆಯಾದವರೆಂದು ನಾವು ಊರೆಲ್ಲ ಜಂಬ ಕೊಚ್ಚುತ್ತಿದ್ದೆವು. ಅವರು ಒಂದು ಆಟವನ್ನೂ ಆಡಿರಲಿಲ್ಲ ಎಂಬುದು ತಡವಾಗಿ ತಿಳಿಯಿತು.

ಅದನ್ನು ಅವರೇ ಹೇಳಿದ್ದು, ಒಂದು ಸಂಜೆ ಕಡಲ ದಂಡೆಯಲ್ಲಿ. ಅಭ್ಯಾಸ ಮುಗಿದು ಉಳಿದವರು ಹೋಗಿದ್ದರು. ಪಂದ್ಯಾವಳಿಯುದ್ದಕ್ಕೂ ಬೆಂಚು ಕಾದ ಅವರಿಗೆ ಕೊನೆಗೆ ನೆರೆದೇಶದ ಎದುರು ಆಡುವ ಸರದಿ ಬಂದಿತ್ತಂತೆ. ಅಷ್ಟರಲ್ಲಿ ಗಡಿಯಲ್ಲಿ ಬಿಸಿಯೇರಿತ್ತು. ಆ ಹುಡುಗಿಯರಿಗೆ ಕೊನೆವರೆಗೂ ವೀಸಾ ಸಿಗಲಿಲ್ಲ. ಎದುರಾಳಿ ಬಾರದಿದ್ದರೂ ಆಗಿನ ಪದ್ಧತಿಯಂತೆ ಒಬ್ಬಳು ಖಾಲಿ ಅಂಕಣಕ್ಕೆ ಹೋಗಿ, ಉಸಿರು ಕಡಿಯದೆ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಗೆರೆ ಮುಟ್ಟಿ ಬರಬೇಕು. ಅಕ್ಕೋರನ್ನು ಕಳಿಸಿದರು. ತಿರುಗಿ ಬರುವಾಗ, ಯಾರೂ ಇಲ್ಲದ ಆ ಅಂಕಣದಲ್ಲಿ ಯಾರೋ ಅವರ ಎಡ ಕಣಕಾಲು ಹಿಡಿದರು. ನಡುಗೆರೆಗೆ ಗೇಣಷ್ಟೇ ಇರುವಾಗ ಉಸಿರು ಕಡಿಯಿತು. ಜಾರಿ ಬಿದ್ದಳೆಂದು ಜನ ನಕ್ಕರು. ಅಂಕದ ಪುಸ್ತಕದಲ್ಲಿ ತಂಡಕ್ಕೆ ಗೆಲುವೆಂದೇ ಬರೆದರು. ಮುಂದೆ ಅವರನ್ನು ಯಾರೂ ಆಡಲು ಕರೆಯಲಿಲ್ಲ.

“ಸಿಟ್ಟಲ್ಲಿ ಹಿಡದದ್ದಲ್ಲ ಮಾರಾಯ್ತಿ. ಹೋಗ್ಬೇಡ, ಒಂದಾಟ ಆಡ್ವ ಅಂದಂಗಿತ್ತು,” ಎಂದರು. ಆಮೇಲೆ ಹಿಮ್ಮಡಿಯಿಂದ ಹಸಿ ಮರಳಿನ ಮೇಲೆ ಗೆರೆ ಎಳೆದು, “ನೀ ಆಚೆ ಬದಿಗೆ ನಿಲ್ಲೇ. ಒಂದೇ ಸಲ,” ಎಂದರು.

ನಾನು ಆಚೆ ನೋಡಿದೆ. ನೀರು ಇಳಿದ ಆ ಮರಳಿಗೆ ನಾವ್ಯಾರೂ ಕಾಲಿಟ್ಟಿರಲಿಲ್ಲ. ಅಲ್ಲಿ ಬರಿಗಾಲ ಹೆಜ್ಜೆಗಳಿದ್ದವು. ಬೆರಳೆಲ್ಲ ನಮ್ಮ ಕಡೆಗೇ. ಎಣಿಸಿದೆ, ಆರು ಜೋಡಿ. ಏಳನೆಯವಳ ಜಾಗ ಮಾತ್ರ ಖಾಲಿ, ಎಡಮೂಲೆಯದು...

“ಹೊತ್ತಾಯ್ತು, ಆಯಿ ಬೈತಾಳೆ ಅಕ್ಕೋರೇ,” ಎಂದವಳೇ ಓಡಿದೆ. ಬೆನ್ನ ಹಿಂದೆ ‘ಕಬಡ್ಡಿ ಕಬಡ್ಡಿ’ ಶುರುವಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮರುದಿನ ಅವರು ಎಂದಿನಂತೆಯೇ ಶಾಲೆಗೆ ಬಂದರು. ನನ್ನನ್ನು ಮಾತ್ರ ಮತ್ತೆ ಯಾವತ್ತೂ ಹಾಗೆ ಕೇಳಲಿಲ್ಲ.

ಅಕ್ಕೋರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಸುದ್ದಿ ನನಗೆ ತಲುಪಿದ್ದೂ ತಡವಾಗಿ. ಎರಡು ದೇಶಗಳ ಯಾವುದೋ ಪಂದ್ಯ ರದ್ದಾಯಿತೆಂದು ಟಿವಿಯಲ್ಲಿ ಬಂದರೆ ಮನೆಯವರು ಚಾನೆಲ್ ಬದಲಿಸುತ್ತಾರೆ. ನನಗೆ ಮರಳಿನ ಮೇಲಿನ ಆ ಗೆರೆ ನೆನಪಾಗುತ್ತದೆ. ಅಕ್ಕೋರಿಗೆ ಬೇಕಿದ್ದದ್ದು ಎದುರಿಗೆ ನಿಲ್ಲುವ ಒಬ್ಬರು. ಅಂದು ನಾನು ನಿಲ್ಲಬಹುದಿತ್ತು.