ಇಸ್ತ್ರಿಬಾಯಿಯ ಕಿವಿಗೆ ಬಿದ್ದ ಪಾಪ

ಕಳೆದ ವಾರ ಸೊಸೆ ನನ್ನ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಉಕ್ಕುತ್ತಿದ್ದ ಹಾಲು ನೋಡಲು ಓಡಿದಳು. ಹಾಲು ಉಳಿಯಿತು, ಅಂಗಿ ಹೋಯಿತು. ಗಂಜಿ ಹಾಕಿದ ಬಟ್ಟೆ ಸುಟ್ಟ ಆ ವಾಸನೆ ಮೂಗಿಗೆ ಬಡಿದದ್ದೇ, ಬಯ್ಯಲು ತೆರೆದ ಬಾಯಿ ಹಾಗೇ ನಿಂತಿತು. ಕಾರವಾರದ ನಮ್ಮ ಕೇರಿಯ ಇಸ್ತ್ರಿಬಾಯಿ ನೆನಪಾದಳು...

ಅದು ಮೂವತ್ತರ ದಶಕ. ನಾನು ಇಪ್ಪತ್ತೆರಡರ ಮಾಸ್ತರ. ಜಗತ್ತಿನಲ್ಲಿ ತಿಳಿಯಬೇಕಾದದ್ದು ಇನ್ನು ಹೆಚ್ಚೇನೂ ಉಳಿದಿಲ್ಲ ಎಂದು ನಂಬಿದ್ದ ವಯಸ್ಸು. ಅವಳು ಗೋವೆಯ ಗಡಿ ದಾಟಿ ಬಂದ ಕ್ರಿಸ್ತುವರ ವಿಧವೆ. ಕೋರ್ಟಿನ ಕಾರಕೂನರ ಕೋಟುಗಳಿಗೆ ಇಸ್ತ್ರಿ ಹಾಕಿ ಬದುಕುತ್ತಿದ್ದಳು. ಕನ್ನಡ ಬಾರದು. ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಮೂಲೆಮನೆಯ ದೊಡ್ಡಮ್ಮ ನೀರು ಸೇದಿ ಮೇಲಿನಿಂದ ಅವಳ ಕೊಡಕ್ಕೆ ಹೊಯ್ಯುತ್ತಿದ್ದಳು. ಮಡಿಯೂ ಕೆಡಬಾರದು, ಪುಣ್ಯವೂ ತಪ್ಪಬಾರದು, ಅಷ್ಟು ಮೇಲಿನಿಂದ. ಹೊಯ್ಯುವಾಗ ದಿನಾ ಒಂದೇ ಮಾತು: "ಪಾಪ! ಹಿಂದೆ ಮುಂದೆ ಯಾರೂ ಇಲ್ಲ ಇದ್ಕೆ." ಅವಳನ್ನು ಕಂಡವರೆಲ್ಲ, "ಪಾಪ" ಎನ್ನುತ್ತಿದ್ದರು. ಖರ್ಚಿಲ್ಲದ ಕರುಣೆಯಲ್ಲಿ ನಮ್ಮ ಕೇರಿ ಎಂದೂ ಹಿಂದೆ ಬಿದ್ದದ್ದಲ್ಲ.

ಆ ಮಾತು ಕೇಳಿದಾಗಲೆಲ್ಲ ಅವಳ ಮುಖ ಬಿಳಚಿಕೊಳ್ಳುವುದನ್ನು ನಾನು ನೋಡಿದ್ದೆ. ಒಂದು ಸಂಜೆ ಕೋಟು ತರಲು ಹೋದಾಗ ಕಾರಣ ತಿಳಿಯಿತು.

"ಹೊ ಲೋಕ್ ಮ್ಹಾಕಾ ಪಾಪ್ ಪಾಪ್ ಕಿತ್ಯಾಕ್ ಮ್ಹಣ್ಟಾ, ಮಾಸ್ತರ್?" ಈ ಜನ ನನ್ನನ್ನು ಕಂಡು ಪಾಪ ಪಾಪ ಎನ್ನುವುದೇಕೆ ಎಂದು ಕೇಳಿದಳು.

ನಾನು ಪೇಟೆಯಲ್ಲಿ ಕಲಿತ ಕೊಂಕಣಿಯಲ್ಲಿ ಮಾತು ಬೆಳೆಸಿದೆ. ಅವಳಿಗೆ ಆ ಶಬ್ದ ಗೊತ್ತಿದ್ದದ್ದು ಇಗರ್ಜಿಯ ಪ್ರಾರ್ಥನೆಯಿಂದ ಮಾತ್ರ; ಅಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಊರಲ್ಲಿ ಮಾಡಿದ ಯಾವುದೋ ತಪ್ಪನ್ನು ಪಾದ್ರಿಯ ಮುಂದೆ ಹೇಳಿಕೊಂಡಿದ್ದಳಂತೆ. ದೇವರು ಕ್ಷಮಿಸಿದ, ಹೋಗು, ಎಂದಿದ್ದರಂತೆ. ಹಗುರಾಗಿ ಮನೆಗೆ ಬಂದರೆ ಬಾವಿಕಟ್ಟೆಯಲ್ಲಿ ದೊಡ್ಡಮ್ಮ, "ಪಾಪ!" ಮತ್ತೆ ಹೋಗಿ ಅದೇ ತಪ್ಪು ಹೇಳಿದಳು. ಮತ್ತೆ ಕ್ಷಮೆ, ಮತ್ತೆ ದೊಡ್ಡಮ್ಮ. ಐದನೆಯ ಸಲ ಪಾದ್ರಿ ರೇಗಿದರಂತೆ: ದೇವರ ಮಾತು ದೊಡ್ಡದೋ, ನಿನ್ನ ಕೇರಿಯ ಮಾತು ದೊಡ್ಡದೋ?

ಕನ್ನಡದಲ್ಲಿ ಅದು ಮರುಕದ ಮಾತು ಎಂದು ನಾನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಅವಳ ತಪ್ಪು ಏನೆಂದು ತಿಳಿಯುವ ಚಪಲ. ಮುಖವನ್ನು ನ್ಯಾಯಾಧೀಶರಷ್ಟು ಗಂಭೀರ ಮಾಡಿಕೊಂಡು, "ಅವರಿಗೆ ಎಲ್ಲ ಗೊತ್ತಾಗಿದೆ ಬಾಯಿ. ನೀನೇ ಬಾಯಿಬಿಟ್ಟು ಹೇಳಿಬಿಟ್ಟರೆ ಸುಮ್ಮನಾಗುತ್ತಾರೆ" ಎಂದೆ. ಅವಳು ಅಲ್ಲೇ ನನಗೆ ಹೇಳಿಕೊಂಡದ್ದನ್ನು ಕನ್ನಡದ ನಾಲ್ಕು ಮಾತು ಮಾಡಿ ಕಲಿಸಿಯೂ ಕೊಟ್ಟೆ. ಮಾಸ್ತರನಲ್ಲವೇ...

ಮುಂದಿನ ಭಾನುವಾರ ಇಗರ್ಜಿಯಿಂದ ಬಂದವಳು ನೇರ ಬಾವಿಕಟ್ಟೆಯ ಮುಂದೆ ಮಂಡಿಯೂರಿದಳು.

"ಗಂಡಂಗೆ ಸಿಡುಬು ಬಂತು. ನಾನು ಹೆದರಿದೆ. ಹೊರಗಿಂದ ಬಾಗಿಲು ಹಾಕಿದೆ, ಓಡಿದೆ. ಅವ ಒಳಗೆ ನೀರು, ನೀರು ಅಂದ. ಸತ್ತ. ದೇವರು ಮಾಫ್ ಮಾಡಿದ. ನೀವೂ ಮಾಡಿ."

ಬಾವಿಯ ರಾಟೆ ನಿಂತಿತು. ಸೇದಿದ ಕೊಡ ದೊಡ್ಡಮ್ಮನ ಕೈಯಲ್ಲೇ ಇತ್ತು. ಅವಳು ಅದನ್ನು ನಿಧಾನವಾಗಿ ಬಾವಿಗೇ ಸುರಿದಳು.

"ಅವಂಗೆ ನೀರು ಕೊಟ್ಟಿದ್ದಿಲ್ಲ ಅಲ್ದನೇ? ನಿಂಗ್ಯಂತಕ್ಕೆ ನೀರು?"

ಯಾರೋ ಕಿಸಕ್ಕನೆ ನಕ್ಕರು. ನಾನೇ ಇರಬೇಕು. ಮಧ್ಯಾಹ್ನದೊಳಗೆ ಕಾರಕೂನರೆಲ್ಲ ತಂತಮ್ಮ ಕೋಟುಗಳನ್ನು, ಇಸ್ತ್ರಿ ಆದದ್ದು ಆಗದ್ದು ಎನ್ನದೆ, ಹೊತ್ತೊಯ್ದರು. ನಾಲ್ಕು ದಿನ ಅವಳಿಗೆ ಕೇರಿಯಲ್ಲಿ ಒಂದು ಚೆಂಬು ನೀರೂ ಸಿಗಲಿಲ್ಲ. ಐದನೆಯ ದಿನ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅಂಕೋಲೆಯ ದಾರಿ ಹಿಡಿದಳು. ತುಟಿ ಒಡೆದಿತ್ತು, ಮುಖ ಮಾತ್ರ ಆಗಷ್ಟೇ ಮಿಂದವರ ಮುಖದಂತಿತ್ತು. ನಮಗೆ ಅದು ಇನ್ನಷ್ಟು ಸಿಟ್ಟು ತರಿಸಿತು. ಆ ಭಾನುವಾರದ ನಂತರ ಅವಳನ್ನು ಕಂಡು ಕೇರಿಯಲ್ಲಿ ಒಬ್ಬರೂ "ಪಾಪ" ಎಂದಿರಲಿಲ್ಲ.

ಎರಡು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ಅಂಕೋಲೆಗೆ ಹೋದಾಗ ಪೇಟೆಯಲ್ಲಿ ಎದುರಾದಳು. ಅಲ್ಲೇ ಪಕ್ಕದ ಭಾವಿಕೇರಿ ಎಂಬ ಊರಲ್ಲಿ ಯಾರದೋ ಮನೆಯ ಬಟ್ಟೆ ಒಗೆಯುತ್ತಿದ್ದಳಂತೆ. ಈಗ ಕನ್ನಡ ನೀರಿನಂತೆ ಬರುತ್ತಿತ್ತು.

"ಮಾಸ್ತರ್ರೇ, ಪಾಪ ಅಂದ್ರೆ ಯಂತದು ಅಂತ ಇಲ್ಲಿ ಬಂದ್ಮೇಲೆ ಗೊತ್ತಾತು. ಭಾವಿಕೇರಿಲಿ ಕುಂಟುನಾಯಿ ಕಂಡ್ರೂ ಪಾಪ ಅಂತ್ರು. ನಿಮ್ಗೆ ಆವಾಗ್ಲೇ ಗೊತ್ತಿತ್ತು, ಅಲ್ವ?"

ನಾನು ಚಪ್ಪಲಿ ನೋಡಿಕೊಂಡೆ.

"ಸಿಟ್ಟು ಬಂದಿತ್ತು. ಆದ್ರೆ ಸಿಟ್ಟು ಇಟ್ಕಂಡು ದೇವರ ಮುಂದೆ ಕೂತ್ರೆ, ನಂಗೆ ಸಿಕ್ಕಿದ ಮಾಫಿ ಸುಳ್ಳಾಗ್ತದೆ. ಅದ್ಕೇ ದಿನಾ ಪ್ರಾರ್ಥನೆಲಿ ನಿಮ್ಮ ಹೆಸರು ಹೇಳ್ತೆ. ಮೊದ್ಲು ನನ್ನ ಗಂಡಂದು, ಆಮೇಲೆ ನಿಮ್ದು." ನಕ್ಕಳು. "ನಿಮ್ದು ಸಣ್ಣ ಪಾಪ ಅಲ್ಲ. ಇನ್ನೂ ಸುಮಾರು ವರ್ಷ ಹೇಳ್ಬೇಕಾಗ್ತದೆ."

ಕೆಲವು ವರ್ಷಗಳ ನಂತರ ಅವಳು ತೀರಿಹೋದ ಸುದ್ದಿ ಬಂತು; ಹೇಗೆ, ಎಲ್ಲಿ, ಕೇಳುವ ಧೈರ್ಯ ಬರಲಿಲ್ಲ... ದೇವರ ಮುಂದೆ ನನ್ನ ಪರವಾಗಿ ದಿನನಿತ್ಯ ವಕಾಲತ್ತು ಹಾಕುತ್ತಿದ್ದ ಜೀವ ಅದೊಂದೇ. ಅದು ಹೋದ ಮೇಲೆ ನನ್ನ ಖಟ್ಲೆ ನಿಂತೇ ಇದೆ. ಎಂಬತ್ತು ದಾಟಿತು, ಇನ್ನು ನಾನೇ ಕೈಮುಗಿದು ಕೂರೋಣ, ಮೊದಲು ಅವಳ ಹೆಸರು ಹೇಳೋಣ ಎಂದು ಈ ವಾರ ಎರಡು ಸಲ ಕೂತೆ.

ಅವಳ ಹೆಸರೇನೆಂದು ನಾನು ಕೇಳಿಯೇ ಇರಲಿಲ್ಲ.